ಓಡುತ್ತಿರುವ ವರ್ಚುವಲ್ ಪ್ರೊಸೆಸರನ್ನು ಹೊರಗೆ ಕರೆಯುವುದು ಹೇಗೆ?

[ಪರದೆ: ಒಂದು ಪ್ರೋಸೆಸ್, ಅದರೊಳಗೆ ನಾಲ್ಕು ಥ್ರೆಡ್‌ಗಳು]

ನಮಸ್ಕಾರ. ಕ್ಯೂಎಮು ಎಂಬುದು ಒಂದು ಕಂಪ್ಯೂಟರಿನೊಳಗೆ (ಹೋಸ್ಟ್) ಇನ್ನೊಂದು ಕಂಪ್ಯೂಟರನ್ನು (ಗೆಸ್ಟ್) ತಂತ್ರಾಂಶದಿಂದ ಸೃಷ್ಟಿಸುವ ಎಮ್ಯುಲೇಟರ್; ಗೆಸ್ಟ್ ಕೋಡನ್ನು ನೇರವಾಗಿ ಭೌತಿಕ ಪ್ರೊಸೆಸರಿನಲ್ಲೇ ಓಡಿಸಲು ಅದಕ್ಕೆ ನೆರವಾಗುವ ಲಿನಕ್ಸ್ ಕರ್ನಲ್ ಭಾಗ ಕೆವಿಎಂ. ಇವುಗಳಿಂದ ನಾಲ್ಕು ಪ್ರೊಸೆಸರುಗಳ ಗೆಸ್ಟ್ ಯಂತ್ರವೊಂದನ್ನು ಓಡಿಸಿದರೆ, ಆ ನಾಲ್ಕೂ ಹೋಸ್ಟ್ ಲಿನಕ್ಸಿನ ಕಣ್ಣಿಗೆ ಸಾಮಾನ್ಯ ಥ್ರೆಡ್‌ಗಳೇ. ಪ್ರತಿ ಥ್ರೆಡ್ ಕೆವಿಎಂ_ರನ್ ಕರೆಯ ಮೂಲಕ ಗೆಸ್ಟ್ ಕೋಡಿನೊಳಗೆ ಇಳಿಯುತ್ತದೆ. ಕ್ಯೂಎಮು ಮಾಡಬೇಕಾದ ಕೆಲಸವೇನಾದರೂ ಬಂದಾಗ ಮರಳುತ್ತದೆ. ಆದರೆ ಯಂತ್ರವನ್ನು ತಡೆದು ನಿಲ್ಲಿಸಬೇಕಾದಾಗ, ಅಥವಾ ಓಡುತ್ತಿರುವ ಯಂತ್ರವನ್ನು ಬೇರೆ ಹೋಸ್ಟಿಗೆ ಸಾಗಿಸುವ ಲೈವ್ ಮೈಗ್ರೇಷನ್ನಿನ ಕೊನೆಯ ಹಂತದಲ್ಲಿ, ಅದು ತಾನಾಗಿ ಮರಳಲಿ ಎಂದು ಕಾಯುವಂತಿಲ್ಲ. ಬೇರೊಂದು ಥ್ರೆಡ್ ಅದನ್ನು ಹೊರಗೆಳೆಯಬೇಕು. ಇದಕ್ಕೆ ‘ಕಿಕ್’ ಎನ್ನುತ್ತಾರೆ.

ಕೆಲಸವಿಲ್ಲದೆ ಮಲಗಿರುವ ಥ್ರೆಡ್ಡನ್ನು ಎಬ್ಬಿಸಿದರೆ ಸಾಕು. ಗೆಸ್ಟ್ ಕೋಡಿನೊಳಗೆ ಇರುವ ಥ್ರೆಡ್ಡಿಗೆ ಸಿಗ್‌ಯೂಸರ್1 ಸಿಗ್ನಲ್ (ಕರ್ನಲ್ ಮೂಲಕ ತಲುಪುವ ಪುಟ್ಟ ಸೂಚನೆ) ಕಳುಹಿಸಬೇಕು. ಆಗ ಕರ್ನಲ್ ಆ ಥ್ರೆಡ್ ಓಡುತ್ತಿರುವ ಭೌತಿಕ ಕೋರಿಗೆ ಇಂಟರಪ್ಟ್ ಕೊಡುತ್ತದೆ, ಗೆಸ್ಟ್ ನಿಲ್ಲುತ್ತದೆ, ಸಿಗ್ನಲ್ ಬಾಕಿಯಿರುವುದನ್ನು ಕಂಡ ಕೆವಿಎಂ ‘ಇಇಂಟರ್’ ಎಂಬ ದೋಷಸಂಕೇತದೊಂದಿಗೆ ಮರಳುತ್ತದೆ.

[ಪರದೆ: ಪರಿಶೀಲನೆ → ಅಂತರ → ಕೆವಿಎಂ_ರನ್]

ನಿಜವಾದ ತೊಡಕಿರುವುದು ಈ ಅಂತರದಲ್ಲಿ. ‘ಹೊರಬರಲು ಯಾರಾದರೂ ಕೇಳಿದ್ದಾರೆಯೇ’ ಎಂದು ಥ್ರೆಡ್ ನೋಡಿ, ಇಲ್ಲವೆಂದು ತಿಳಿದು, ಕೆವಿಎಂ_ರನ್ ಕರೆಯುವ ಮೊದಲಿನ ಕ್ಷಣದಲ್ಲೇ ಸಿಗ್ನಲ್ ಬಂದರೆ, ಅದರ ಹ್ಯಾಂಡ್ಲರ್, ಅಂದರೆ ಸಿಗ್ನಲ್ ಬಂದಾಗ ಓಡುವ ಕೋಡ್, ಓಡಿ ಮುಗಿದುಹೋಗುತ್ತದೆ. ಬಳಿಕ ಥ್ರೆಡ್ ಏನೂ ಅರಿಯದೆ ಗೆಸ್ಟ್‌ನೊಳಗೆ ಇಳಿಯುತ್ತದೆ. ಇಂಥ ದೋಷ ಅಪರೂಪಕ್ಕೊಮ್ಮೆ ತಲೆದೋರುವುದರಿಂದಲೇ ಅದನ್ನು ಪತ್ತೆಹಚ್ಚುವುದು ಬಹಳ ಕಷ್ಟ.

ಹಿಂದೆ ಆ ಸಿಗ್ನಲನ್ನು ಹೊರಗೆ ತಡೆಹಿಡಿದು, ಕೆವಿಎಂ_ರನ್ ನಡೆಯುವಾಗ ಮಾತ್ರ ತೆರೆಯುತ್ತಿದ್ದರು. ವಿಧಾನ ಸರಿಯೇ, ಆದರೆ ಪ್ರತಿ ಪ್ರವೇಶಕ್ಕೂ ನಿರ್ಗಮನಕ್ಕೂ ಸಿಗ್ನಲ್ ಮಾಸ್ಕ್ (ಯಾವ ಸಿಗ್ನಲುಗಳನ್ನು ತಡೆಹಿಡಿಯಬೇಕೆಂಬ ಪಟ್ಟಿ) ಬದಲಿಸಲು ಎಲ್ಲ ಥ್ರೆಡ್‌ಗಳಿಗೂ ಒಂದೇ ಆಗಿರುವ ಲಾಕ್ ಹಿಡಿಯಬೇಕಿತ್ತು, ಹಾಗಾಗಿ ಅವು ಒಂದಕ್ಕೊಂದು ಕಾಯಬೇಕಾಗುತ್ತಿತ್ತು. 2017ರಲ್ಲಿ ಬಂದ ಲಿನಕ್ಸ್ 4.11 ಇದನ್ನು ಒಂದೇ ಬೈಟಿನಿಂದ ಬಗೆಹರಿಸಿತು. ಕ್ಯೂಎಮು ಮತ್ತು ಕೆವಿಎಂ ಹಂಚಿಕೊಂಡಿರುವ ಸ್ಮೃತಿಯಲ್ಲಿರುವ ‘ಇಮೀಡಿಯೆಟ್_ಎಕ್ಸಿಟ್’ಗೆ ಸಿಗ್ನಲ್ ಹ್ಯಾಂಡ್ಲರ್ 1 ಬರೆಯುತ್ತದೆ, ಅದು ಸೊನ್ನೆಯಲ್ಲದಿದ್ದರೆ ಕೆವಿಎಂ_ರನ್ ಗೆಸ್ಟನ್ನು ಓಡಿಸದೆಯೇ ಹಿಂದಿರುಗುತ್ತದೆ. ಸಿಗ್ನಲ್ ಅಂತರದಲ್ಲಿ ಬಂದರೆ ಬೈಟ್ ಕಾಯುತ್ತದೆ, ಪ್ರವೇಶದ ಬಳಿಕ ಬಂದರೆ ಸಿಗ್ನಲ್ಲೇ ಹೊರಗೆ ತರುತ್ತದೆ. ಇಷ್ಟು ಸರಳವಾದ ಪರಿಹಾರ ನನಗೆ ಅತ್ಯಂತ ಸೊಗಸಾಗಿ ಕಾಣುತ್ತದೆ.

ಕೆವಿಎಂ ಇಲ್ಲದೆ, ಗೆಸ್ಟ್ ಕೋಡನ್ನು ತುಣುಕು ತುಣುಕಾಗಿ ಹೋಸ್ಟ್ ಪ್ರೊಸೆಸರಿನ ಸೂಚನೆಗಳಿಗೆ ಬದಲಿಸುವ ಕ್ಯೂಎಮುವಿನ ಭಾಗವಾದ ಟಿಸಿಜಿ ಅನುವಾದಿಸಿದ ಕೋಡನ್ನು ಓಡಿಸುವಾಗ ಸಿಗ್ನಲ್ ಬೇಕಾಗುವುದಿಲ್ಲ. ಅನುವಾದಿತ ತುಣುಕಿನ ನಡುವೆ ಗೆಸ್ಟ್ ರಿಜಿಸ್ಟರುಗಳ ಮೌಲ್ಯಗಳು ಇನ್ನೂ ಹೋಸ್ಟ್ ರಿಜಿಸ್ಟರುಗಳಲ್ಲೇ ಉಳಿದಿರಬಹುದಾದ್ದರಿಂದ, ಎಲ್ಲೆಂದರಲ್ಲಿ ನಿಲ್ಲಿಸುವುದು ಸಲ್ಲದು. ಹಾಗಾಗಿ ತುಣುಕಿನ ಆರಂಭದಲ್ಲೇ ಒಂದು ಗುರುತನ್ನು ಪರೀಕ್ಷಿಸುವ ಸೂಚನೆಗಳನ್ನು ಟಿಸಿಜಿ ಸೇರಿಸುತ್ತದೆ, ಮತ್ತು ಕಿಕ್ ಮಾಡುವ ಥ್ರೆಡ್ ಆ ಗುರುತನ್ನು ಬದಲಿಸಿದರೆ ಮುಂದಿನ ತುಣುಕಿನ ಬಾಗಿಲಲ್ಲೇ ಓಟ ನಿಲ್ಲುತ್ತದೆ.