ಮಷಿನ್ ಏಳಲಿಲ್ಲವೋ, ಮುಖ ಕಾಣಲಿಲ್ಲವೋ?

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಕೂತಿದ್ದೀರಿ, ಹೊರಗೆ ಹುಬ್ಬಳ್ಳಿ ಬಿಸಿಲು. ಥಿಯರಿ ಹೇಳಿದರೆ ನಿದ್ದೆ ಗ್ಯಾರಂಟಿ. ಅದಕ್ಕೆ ನಾನೇ ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ.

ನಾನು ನೋಡಿಕೊಳ್ಳುವ ಲ್ಯಾಬ್‌ನಲ್ಲಿ ಒಂದೇ ಸರ್ವರ್ ಮೇಲೆ ಹತ್ತಾರು ವರ್ಚುವಲ್ ಮಷಿನ್‌ಗಳು, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್‌ಗಳು, ಓಡುತ್ತವೆ. ಒಂದು ರಜೆಯಲ್ಲಿ ಸರ್ವರ್‌ನ ಲಿನಕ್ಸ್ ತೆಗೆದು ಹೊಸ ಆವೃತ್ತಿ ಹಾಕಿದೆ. ಸೋಮವಾರ ಪ್ರಾಕ್ಟಿಕಲ್. ಬೆಳಿಗ್ಗೆ ಲ್ಯಾಬ್ ಸಹಾಯಕರ ಫೋನ್: "ಸರ್, ಒಂದೂ ಮಷಿನ್ ಚಾಲೂ ಆಗವಲ್ದ್ರಿ." ಡಿಸ್ಕ್ ನೋಡಿದೆ, ರ‍್ಯಾಮ್ ನೋಡಿದೆ, ನೆಟ್‌ವರ್ಕ್ ನೋಡಿದೆ. ಒಂದು ತಾಸು ಸುಮ್ನೆ ಹೋಯಿತು. ಎರರ್ ಸಾಲನ್ನು ಮಾತ್ರ ಪೂರ್ತಿ ಓದಿರಲಿಲ್ಲ. ಕ್ಯೂಎಕ್ಸ್‌ಎಲ್ ಎಂಬ ವಿಡಿಯೋ ಮಾಡೆಲ್‌ಗೆ ಇಲ್ಲಿ ಬೆಂಬಲ ಇಲ್ಲ ಅಂತ ಅದರಲ್ಲೇ ಇತ್ತು!

ಕ್ಯೂಎಕ್ಸ್‌ಎಲ್ ಕೈಗೆ ಸಿಗುವ ಕಾರ್ಡ್ ಅಲ್ಲ. ವರ್ಚುವಲ್ ಮಷಿನ್ ಓಡಿಸುವ ಕ್ಯೂಎಮು ಪ್ರೋಗ್ರಾಂ ಹಾಕುವ ಗ್ರಾಫಿಕ್ಸ್ ಕಾರ್ಡಿನ ವೇಷ. ದೂರದಿಂದ ಪರದೆ ನೋಡಲು ಇರುವ ಸ್ಪೈಸ್ ಎಂಬ ವ್ಯವಸ್ಥೆಗೆ ಜೋಡಿಯಾಗಿ ಬಂದದ್ದು. ರೆಡ್ ಹ್ಯಾಟ್ ಕಂಪನಿಯವರು ತಮ್ಮ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8.3 ರಲ್ಲೇ ಇವೆರಡನ್ನೂ ಮುಂದೆ ಕೈಬಿಡುತ್ತೇವೆ ಅಂದಿದ್ದರು. 2022ರಲ್ಲಿ ಬಂದ 9 ರಲ್ಲಿ ತೆಗೆದೇಬಿಟ್ಟರು. ಆದರೆ ಹಳೆ ಮಷಿನ್‌ನ ಎಕ್ಸ್‌ಎಂಎಲ್, ಅಂದರೆ ಸೆಟ್ಟಿಂಗ್ ಬರೆದಿಟ್ಟ ಫೈಲ್‌ನಲ್ಲಿ ಆ ಹೆಸರು ಹಾಗೇ ಕೂತಿರುತ್ತದೆ. ಮಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಅದನ್ನು ಓದಿ, "ಪರದೆ ಒಂದು ಬಿಟ್ಟು ಉಳಿದದ್ದು ನಡೆಸೋಣ" ಅನ್ನುವುದಿಲ್ಲ. ಬಾಗಿಲಲ್ಲೇ ತಡೆಯುತ್ತದೆ.

ಆ ಫೈಲ್ ತಿದ್ದುವ ವರ್ಶ್ ಎಡಿಟ್ ಕಮಾಂಡ್ ತೆರೆದು ಮಾಡೆಲ್ ಅನ್ನು ವರ್ಟಿಯೋ ಎಂಬ ಇನ್ನೊಂದು ವೇಷಕ್ಕೆ ಬದಲಿಸಿದೆ. ಆದರೂ ಏಳಲಿಲ್ಲ. ಸ್ಪೈಸ್‌ನ ಬಾಲ ಉದ್ದ ನೋಡ್ರಿ! ಗ್ರಾಫಿಕ್ಸ್ ಸಾಲನ್ನು, ದೂರದಿಂದ ಪರದೆ ನೋಡುವ ಇನ್ನೊಂದು ದಾರಿಯಾದ ವಿಎನ್‌ಸಿ ಮಾಡಬೇಕು, ಸ್ಪೈಸ್ ಚಾನೆಲ್ ತೆಗೆಯಬೇಕು, ಅದರ ಮೂಲಕ ಹೋಗುವ ಯುಎಸ್‌ಬಿ ಮತ್ತು ಆಡಿಯೋ ಸಾಲುಗಳನ್ನೂ ಹುಡುಕಬೇಕು. ಫೆಡೋರಾ, ಆರ್ಚ್ ಎಂಬ ಬೇರೆ ಲಿನಕ್ಸ್‌ಗಳಲ್ಲಿ ಕಥೆ ಬೇರೆ. ಅಲ್ಲಿ ಕ್ಯೂಎಕ್ಸ್‌ಎಲ್ ಪ್ರತ್ಯೇಕ ಪ್ಯಾಕೇಜ್. ಹಾಕಿಕೊಂಡರೆ ಮುಗಿಯಿತು.

ಇದು ಮಷಿನ್ ಏಳದೇ ಇದ್ದ ಕಥೆ. ಇನ್ನೊಂದು ಬಗೆಯ ರಗಳೆ ಇದೆ. ಮಷಿನ್ ಎದ್ದಿರುತ್ತದೆ, ಪರದೆ ಮಾತ್ರ ಕಪ್ಪು. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಈ ತುದಿಯಲ್ಲಿ ನಿಂತು ರೈಲು ಕಾಣಲಿಲ್ಲ ಅಂದರೆ ರೈಲೇ ಬಂದಿಲ್ಲ ಅನ್ನಲು ಆಗುತ್ತದೆಯೇ? ವರ್ಶ್ ಲಿಸ್ಟ್ ಕೊಟ್ಟು ನೋಡಿ. ರನ್ನಿಂಗ್ ಅಂತ ತೋರಿಸಿದರೆ ಎಸ್‌ಎಸ್‌ಎಚ್ ಮಾಡಿ, ಅಂದರೆ ನೆಟ್‌ವರ್ಕ್ ಮೂಲಕ ಅದಕ್ಕೆ ಲಾಗಿನ್ ಆಗಿ. ಒಳಗೆ ಹೋದಿರಾ? ಹಾಗಾದರೆ ತೊಂದರೆ ಇರುವುದು ಒಳಗಿನ ಡ್ರೈವರ್‌ನಲ್ಲಿ ಅಥವಾ ನೀವು ನೋಡುತ್ತಿರುವ ಪರದೆಯ ದಾರಿಯಲ್ಲಿ. ಒಳಗಿರುವುದು ಲಿನಕ್ಸ್ ಆದರೆ ಒಮ್ಮೆ ಗ್ರಾಫಿಕ್ಸ್ ಡ್ರೈವರ್ ಪರದೆ ಹಿಡಿಯದಂತೆ ತಡೆಯುವ ನೋಮೋಡ್‌ಸೆಟ್ ಆಯ್ಕೆ ಹಾಕಿ ಬೂಟ್ ಮಾಡಿ. ಯಾವುದೂ ಆಗದಿದ್ದರೆ ಮಾಡೆಲ್ ಅನ್ನು ಸಾದಾ ವಿಜಿಎ ಮಾಡಿ. ವೇಗ ಕೇಳಬೇಡಿ, ಆದರೆ ಹೆಚ್ಚುಕಡಿಮೆ ಎಲ್ಲಾ ಕಡೆ ನಡೆಯುತ್ತದೆ. ಇಂಟರ್ನೆಟ್‌ನ ಹಳೆ ಸಲಹೆ ಓದಿ ಸಿರಸ್ ಎಂಬ ಮಾಡೆಲ್ ಹಾಕಬೇಡಿ. 2014ರಲ್ಲಿ ಕ್ಯೂಎಮು 2.2 ಬಂದಾಗಲೇ ಅದರ ಡೀಫಾಲ್ಟ್ ಸ್ಥಾನ ಹೋಯಿತು.

ತ್ರೀಡಿ ಬೇಕು ಅಂತ ಓಪನ್‌ಜಿಎಲ್ ಆನ್ ಮಾಡುವವರು ಜಾಸ್ತಿ. ಅದಕ್ಕೆ ಸರ್ವರ್‌ನಲ್ಲಿ ನಿಜವಾದ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ ಇರಬೇಕು, ಅದನ್ನು ಬಳಸುವ ಬಾಗಿಲಾದ ರೆಂಡರ್ ನೋಡ್ ತೆರೆಯಲು ಕ್ಯೂಎಮುಗೆ ಅನುಮತಿಯೂ ಇರಬೇಕು. ಇಲ್ಲದಿದ್ದರೆ ಶುರುವಾಗುವಾಗಲೇ ಬೀಳುತ್ತದೆ. ಆ ದೂರು ವಾರ್, ಲಾಗ್, ಲಿಬ್‌ವರ್ಟ್, ಕ್ಯೂಎಮು ಫೋಲ್ಡರ್‌ನಲ್ಲಿ, ಮಷಿನ್ ಹೆಸರಿನದೇ ಲಾಗ್ ಫೈಲ್‌ನಲ್ಲಿ ಸಿಗುತ್ತದೆ.

ಮತ್ತೊಂದು ಮೋಜಿನ ಕೇಸ್. ನಿನ್ನೆ ಓಡಿದ ಮಷಿನ್ ಇಂದು ಏಳುವುದಿಲ್ಲ, ಯಾರೂ ಏನೂ ಬದಲಿಸಿಲ್ಲ. ರಾತ್ರಿ ಕರೆಂಟ್ ಹೋಗಿ ಸರ್ವರ್ ರೀಬೂಟ್ ಆಗಿದೆ, ಅಷ್ಟೇ. ಒಂದು ಜಿಪಿಯುವನ್ನು ಪಾಲು ಮಾಡಿ ಕೊಡುವ ಎಂಡೆವ್ ಸಾಧನಗಳು ಕೈಯಿಂದ ಸೃಷ್ಟಿಸಿದ್ದಾದರೆ ರೀಬೂಟ್ ಆದಾಗ ಮಾಯ. ಎಂಡೆವ್‌ಸಿಟಿಎಲ್ ಎಂಬ ಕಮಾಂಡ್‌ನಲ್ಲಿ ಡಿಫೈನ್ ಮಾಡಿ, ತಾನೇ ಶುರುವಾಗುವಂತೆ ಇಟ್ಟರೆ ಮತ್ತೆ ಬರುತ್ತವೆ.

ಸರಿ, ಈ ಲ್ಯಾಪ್‌ಟಾಪ್‌ನಲ್ಲಿ ಬೇಕಂತಲೇ ಕೆಡಿಸಿಟ್ಟ ಮೂರು ಮಷಿನ್ ಇವೆ. ಯಾರು ಮುಂದೆ ಬರುತ್ತೀರಿ? ಎರರ್ ಸಾಲನ್ನು ಜೋರಾಗಿ ಓದಿ, ಹಿಂದಿನ ಬೆಂಚಿಗೂ ಕೇಳಲಿ.