ಠಾಣೆಯ ಮೊದಲ ಅರ್ಧ ಗಂಟೆ: ತರಬೇತಿ ಬೇಕಿರುವುದು ಅಲ್ಲೇ

[ದೃಶ್ಯ: ಕಪ್ಪು ಪರದೆ. ಅದರ ಮೇಲೆ ಒಂದೊಂದೇ ಪದವಾಗಿ ಈ ಸಾಲು ಮೂಡುತ್ತದೆ]

"ಆರೋಪಿಯು ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವದ ಬೆದರಿಕೆ ಹಾಕಿದ್ದು ಇರುತ್ತದೆ."

ನಮಸ್ಕಾರ. ಎಫ್‌ಐಆರ್ ಪ್ರತಿ ಕೈಯಲ್ಲಿ ಹಿಡಿದವರಿಗೆಲ್ಲ ಈ ಸಾಲು ಗೊತ್ತು. ರಾಯಚೂರಾಗಲಿ, ಕೊಪ್ಪಳವಾಗಲಿ, ಬಳ್ಳಾರಿಯಾಗಲಿ, ಅಚ್ಚು ಒಂದೇ. ಪೊಲೀಸರಿಗೆ, ಸರ್ಕಾರಿ ವಕೀಲರಿಗೆ, ಜೈಲು ಸಿಬ್ಬಂದಿಗೆ ಎಂಥ ತರಬೇತಿ ಬೇಕು ಅಂತ ಇವತ್ತು ಮಾತಾಡೋಣ. ಶುರು ಮಾಡುವುದು ಈ ಸಾಲಿನಿಂದಲೇ.

[ದೃಶ್ಯ: ಠಾಣೆಯ ಮೇಜು. ಒಂದು ಬಿಳಿ ಹಾಳೆ, ನೀಲಿ ಪೆನ್ನು, ಪಕ್ಕದಲ್ಲಿ ಹೆಬ್ಬೆಟ್ಟಿನ ಇಂಕ್ ಪ್ಯಾಡ್]

ಹೀಗೆ ಅಂದುಕೊಳ್ಳಿ. ತಾಂಡಾದಿಂದ ಒಬ್ಬ ಹೆಂಗಸು ಠಾಣೆಗೆ ಬಂದಿದ್ದಾಳೆ. ಮನೆಯಲ್ಲಿ ಆಡುವುದು ಲಂಬಾಣಿ ಮಾತು. ಕನ್ನಡ ಬರುತ್ತದೆ, ಆದರೆ ಅದು ಸಂತೆಗೆ, ಕೂಲಿಗೆ ಸಾಕಾಗುವಷ್ಟು. ದೂರು ಬರೆದುಕೊಳ್ಳುವ ಪೊಲೀಸ್, ಅಂದರೆ ರೈಟರ್, ಕೇಳುತ್ತಾರೆ, "ಏನಾತವ್ವಾ, ಹೇಳು." ಅವಳು ಹೇಳುತ್ತಾಳೆ. ನೀರಿನ ಟ್ಯಾಂಕ್ ಹತ್ತಿರ ಕೊಡ ಒದ್ದರು. ಜಾತಿ ಹೆಸರು ಹಿಡಿದು ಇಂಥ ಮಾತು ಅಂದರು. ಹೋಟೆಲ್ ಮುಂದೆ ನಾಲ್ಕು ಜನ ನಿಂತು ನೋಡುತ್ತಿದ್ದರು. ರೈಟರ್ ಅದನ್ನೆಲ್ಲ ಕೇಳಿ ಬರೆಯುವುದು ಏನು? "ಅವಾಚ್ಯ ಶಬ್ದಗಳಿಂದ ಬೈದಿದ್ದು ಇರುತ್ತದೆ."

ಟ್ಯಾಂಕ್ ಹೋಯಿತು. ಹೋಟೆಲ್ ಮುಂದಿನ ನಾಲ್ಕು ಜನ ಹೋದರು. ಅಂದ ಮಾತೂ ಹೋಯಿತು.

ಇದು ಯಾಕೆ ದೊಡ್ಡ ವಿಷಯ ಗೊತ್ತಾ? ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ಜಾತಿ ನಿಂದನೆ ಅಪರಾಧ ಆಗಬೇಕಾದರೆ, ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ನಾಲ್ಕು ಗೋಡೆಯ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದರೆ ಈ ಕಲಂ ಬರುವುದಿಲ್ಲ ಅಂತ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಯಾವ ಜಾಗ, ಯಾರು ಇದ್ದರು, ಏನು ಮಾತು, ಈ ಮೂರೂ ಮೊದಲ ಹಾಳೆಯಲ್ಲೇ ಬರಬೇಕು. ಆರು ತಿಂಗಳಾದ ಮೇಲೆ ಸಾಕ್ಷಿ ಕಟ್ಟೆಯಲ್ಲಿ ನಿಂತು ಅವಳು ಹೇಳಿದರೆ, ಎದುರಿನ ವಕೀಲರು ಒಂದೇ ಪ್ರಶ್ನೆ ಕೇಳುತ್ತಾರೆ: "ದೂರಿನಲ್ಲಿ ಇದು ಇಲ್ಲವಲ್ಲ?"

ಬರೆದುಕೊಂಡ ದೂರನ್ನು ಸಹಿಗೆ ಮುಂಚೆ ಓದಿ ಹೇಳಬೇಕು, ಪ್ರತಿ ಕೊಡಬೇಕು. ಇದು ಪೊಲೀಸರು ಮಾಡುವ ಉಪಕಾರ ಅಲ್ಲ. ಅದೇ ಕಾಯ್ದೆಯ 4ನೇ ಕಲಂ ಇದನ್ನು ಕರ್ತವ್ಯ ಅಂತ ಬರೆದಿದೆ. ಬೇಕಂತಲೇ ತಪ್ಪಿಸಿದರೆ, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ನೌಕರನಿಗೆ 6 ತಿಂಗಳಿಂದ 1 ವರ್ಷದವರೆಗೆ ಜೈಲು. 2018ರ ತಿದ್ದುಪಡಿ ಬಂದಮೇಲೆ "ಮೊದಲು ವಿಚಾರಣೆ ಮಾಡ್ತೀವಿ, ಆಮೇಲೆ ಎಫ್‌ಐಆರ್" ಅನ್ನುವಂತೆಯೂ ಇಲ್ಲ.

[ದೃಶ್ಯ: ನಕ್ಷೆ. ರಾಯಚೂರು, ಬಳ್ಳಾರಿ, ಕೊಪ್ಪಳ ಬಣ್ಣ ತುಂಬಿಕೊಳ್ಳುತ್ತವೆ]

ನಮ್ಮ ಭಾಗಕ್ಕೆ ಇದು ಜಾಸ್ತಿ ಯಾಕೆ ಮುಖ್ಯ ಅಂದರೆ, 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದ ಪಾಲು ಸುಮಾರು ಶೇ 7. ರಾಯಚೂರಿನಲ್ಲಿ ಅದು ಶೇ 19, ಆಗಿನ ಬಳ್ಳಾರಿಯಲ್ಲಿ ಶೇ 18, ಕೊಪ್ಪಳದಲ್ಲಿ ಹತ್ತಿರಹತ್ತಿರ ಶೇ 12. ಹೆಚ್ಚಿನವರು ವಾಲ್ಮೀಕಿ ನಾಯಕರು.

ಇಲ್ಲೇ ಇನ್ನೊಂದು ತೊಡಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ನಾಯಕರು ಇಲ್ಲಿ ಪಂಗಡ. ಬಳ್ಳಾರಿಗೆ ತಾಗಿದ ರಾಯಲಸೀಮೆಯಲ್ಲಿ ಅದೇ ಸಮುದಾಯದವರು, ಬೋಯ ಅನ್ನುವ ಹೆಸರಿನಲ್ಲಿ, ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದಾರೆ. ಬೀಗರು ಆ ಕಡೆ, ಹೊಲ ಈ ಕಡೆ ಇರುವ ಊರುಗಳಲ್ಲಿ ಯಾರ ಜಾತಿ ಪ್ರಮಾಣಪತ್ರ ಯಾವ ರಾಜ್ಯದ್ದು ಅಂತ ನೋಡದೆ ಕೇಸು ಕಟ್ಟಿದರೆ, ಕೋರ್ಟಿನಲ್ಲಿ ತಕರಾರು ಏಳಬಹುದು. ಗಡಿ ತಾಲ್ಲೂಕುಗಳ ತರಬೇತಿಯಲ್ಲಿ ಈ ಪಾಠ ಇರಲೇಬೇಕು.

ಮೈಸೂರಿನಲ್ಲಿ ಪೊಲೀಸ್ ಅಕಾಡೆಮಿ ಇದೆ, ಕಲಬುರಗಿಯ ನಾಗನಹಳ್ಳಿಯಲ್ಲಿ ತರಬೇತಿ ಕಾಲೇಜಿದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ ಕೊಲೆಗೆ ಕಲಂ 302 ಇದ್ದದ್ದು 103 ಆಯಿತು. ಎಲ್ಲರೂ ನಂಬರ್ ಹೊಸದಾಗಿ ಕಲಿಯಬೇಕಾಯಿತು. ಅದೂ ಬೇಕು, ಸರಿ. ಆದರೆ ನಂಬರನ್ನು ಮೊಬೈಲ್‌ನಲ್ಲೂ ನೋಡಿಕೊಳ್ಳಬಹುದು. ಹೆದರಿದ ಮನುಷ್ಯನ ಮಾತನ್ನು ಪೂರ್ತಿ ಕೇಳಿ ಬರೆಯುವುದು ರೂಢಿ ಮಾಡಿಯೇ ಬರಬೇಕು. ದೌರ್ಜನ್ಯ ಕೇಸಿನ ತನಿಖೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡಬಾರದು, 60 ದಿನದಲ್ಲಿ ಮುಗಿಸಬೇಕು ಅನ್ನುತ್ತದೆ ನಿಯಮ. ಡಿವೈಎಸ್ಪಿ ಬರುವ ಹೊತ್ತಿಗೆ ಆ ಮೊದಲ ಹಾಳೆ ಬರೆದಾಗಿರುತ್ತದೆ. ಅದಕ್ಕೇ ನಾನು ಹೇಳುವುದು, ತರಬೇತಿ ಮೊದಲು ರೈಟರ್‌ಗೆ, ಹೆಡ್ ಕಾನ್‌ಸ್ಟೆಬಲ್‌ಗೆ ಸಿಗಬೇಕು.

ಮಗುವಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆ ಪಡೆಯುವಾಗ ಯೂನಿಫಾರ್ಮ್ ಇರಬಾರದು, ಬೇಕಾದರೆ ಭಾಷಾಂತರಕಾರರನ್ನು ಕರೆಸಿಕೊಳ್ಳಬಹುದು. ತಾಂಡಾದ ಮಗುವಿಗೆ ಲಂಬಾಣಿ ಬಲ್ಲವರು, ಹಕ್ಕಿಪಿಕ್ಕಿ ಮಗುವಿಗೆ ವಾಗ್ರಿ ಬಲ್ಲವರು. ಆ ಹೆಸರುಗಳ ಪಟ್ಟಿ ಠಾಣೆಯ ಗೋಡೆ ಮೇಲೆ ಮೊದಲೇ ಇರಬೇಕಲ್ವಾ? ಆರೋಪಿಯ ಚಿಕ್ಕಪ್ಪನೇ ಭಾಷಾಂತರ ಮಾಡಲು ಕೂತರೆ ಮಗು ಏನು ಹೇಳೀತು!

[ದೃಶ್ಯ: ಹಳೆಯ ಕಾಗದದ ಮೇಲೆ 1871. ನಂತರ 1952. ನಂತರ 2024]

ಈಗ ತಾಂಡಾದವರು, ಕೊರಮರು, ಕೊರಚರು ಠಾಣೆಗೆ ಬರಲು ಯಾಕೆ ಹೆದರುತ್ತಾರೆ ಅನ್ನುವ ಮಾತು. 1871ರಲ್ಲಿ ಬ್ರಿಟಿಷರು ಒಂದು ಕಾನೂನು ಮಾಡಿದರು. ಇಡೀ ಸಮುದಾಯವನ್ನೇ ಹುಟ್ಟು ಅಪರಾಧಿಗಳು ಅಂತ ಪಟ್ಟಿಗೆ ಸೇರಿಸುವ ಕಾನೂನು ಅದು. 1952ರಲ್ಲಿ ರದ್ದಾಯಿತು. ಅನುಮಾನ ಮಾತ್ರ ಹೋಗಲಿಲ್ಲ. ಊರಲ್ಲಿ ಕಳ್ಳತನವಾದರೆ ಮೊದಲು ಗುಡಿಸಲ ಕಡೆ ಜೀಪು ತಿರುಗುವುದನ್ನು ನಮ್ಮಲ್ಲಿ ಎಷ್ಟೋ ಜನ ನೋಡಿದ್ದೇವೆ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಅಂದಿತು. ಆ ಹಳೆಯ ಪಟ್ಟಿಯಿಂದ ಬಿಡುಗಡೆಯಾದ ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದು ಅಂತ ಪೊಲೀಸರಿಗೂ ಹೇಳಿತು. ಬಳ್ಳಾರಿ ಕೇಂದ್ರ ಕಾರಾಗೃಹದ ಸಿಬ್ಬಂದಿಯಿಂದ ಹಿಡಿದು ಬೀಟ್ ಪೊಲೀಸರವರೆಗೆ ಈ ತೀರ್ಪನ್ನು ಕನ್ನಡದಲ್ಲಿ ಓದಿಸಬೇಕು.

ಕೋರ್ಟಿನ ಕಡೆ ಬರೋಣ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ದಾಳಿ ನಡೆದದ್ದು 2014ರ ಆಗಸ್ಟ್‌ನಲ್ಲಿ. ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಅವರಲ್ಲಿ 98 ಮಂದಿಗೆ ಜೀವಾವಧಿ. ಕೇಸು ಆಮೇಲೆ ಹೈಕೋರ್ಟಿಗೂ ಹೋಯಿತು. ನಾನು ಹೇಳಬೇಕಿರುವುದು ನಡುವಿನ ಹತ್ತು ವರ್ಷದ ಬಗ್ಗೆ. ಅಷ್ಟು ಕಾಲ ಸಾಕ್ಷಿಗಳನ್ನು ಕಾಪಾಡಿಕೊಳ್ಳುವುದು ಸುಮ್ನೆ ಮಾತಲ್ಲ. ನಮ್ಮ ಜನ ಮಳೆ ಕೈಕೊಟ್ಟರೆ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುತ್ತಾರೆ. ಸಮನ್ಸ್ ಬಂದಾಗ ಮನೆಗೆ ಬೀಗ. ಬಂದರೂ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ದೌರ್ಜನ್ಯ ಕೇಸಿನ ಸಾಕ್ಷಿಗೆ ಪ್ರಯಾಣದ ಖರ್ಚು, ಆ ದಿನದ ಭತ್ಯೆ ಕೊಡಬೇಕು ಅಂತ 1995ರ ನಿಯಮದಲ್ಲೇ ಇದೆ. ಸಮನ್ಸ್ ಕೊಡುವ ಕಾನ್‌ಸ್ಟೆಬಲ್ ಇದನ್ನು ಬಾಯಿಬಿಟ್ಟು ಹೇಳಬೇಕು. ಗುಳೆ ಹೋದವರ ಮೊಬೈಲ್ ನಂಬರ್ ಬರೆದಿಟ್ಟುಕೊಳ್ಳಬೇಕು.

[ದೃಶ್ಯ: ತರಬೇತಿ ಕೋಣೆ. ಇಬ್ಬರು ಎದುರುಬದುರು ಕೂತಿದ್ದಾರೆ]

ನನ್ನ ಕೈಗೆ ಒಂದು ದಿನದ ತರಬೇತಿ ಕೊಟ್ಟರೆ ಸ್ಲೈಡು ಹಾಕುವುದಿಲ್ಲ. ತಾಂಡಾದ ಮುಖಂಡ ನಾಯಕನನ್ನು, ಅವನಿಗೆ ನೆರವಾಗುವ ಕಾರಭಾರಿಯನ್ನು, ಇಬ್ಬರು ಹೆಂಗಸರನ್ನು ಕರೆಸುತ್ತೇನೆ. ಅವರು ತಮ್ಮ ಮಾತಿನಲ್ಲಿ ಒಂದು ಘಟನೆ ಹೇಳಲಿ. ರೈಟರ್ ಬರೆದು, ಗಟ್ಟಿಯಾಗಿ ಓದಲಿ. "ಅಲ್ಲ ಸಾಹೇಬ್ರ, ನಾ ಹಂಗ ಅಂದಿಲ್ಲ" ಅಂತ ಅವರು ಅಂದರೆ ಹಾಳೆ ಹರಿದು ಮತ್ತೆ ಬರೆಯಬೇಕು. "ಹೌದು, ಇದನ್ನ ಹೇಳಿದ್ದು" ಅಂದಮೇಲೆ ಹೆಬ್ಬೆಟ್ಟು.

ನಿಮ್ಮ ಊರಲ್ಲಿ ಯಾರಿಗಾದರೂ ದೂರು ಕೊಡಬೇಕಿದ್ದರೆ ಈ ಎರಡು ನಂಬರ್ ಬರೆದುಕೊಳ್ಳಿ. ದೌರ್ಜನ್ಯ ಸಹಾಯವಾಣಿ 14566. ಉಚಿತ ವಕೀಲರಿಗೆ 15100. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲ ಹೆಂಗಸರಿಗೆ ಇದು ಆದಾಯ ಕೇಳದೆ ಸಿಗುತ್ತದೆ.