ಗಡಿಯಾರ ನೋಡಿ, ಮಗ್ಗುಲು ಬದಲಿಸಿ

ಕೇಳುಗರಿಗೆ ನಮಸ್ಕಾರ.

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು ನಿಮ್ಮ ಊರಿನಲ್ಲೂ ಇರಬಹುದು. "ಆಪರೇಷನ್ ಮುಗೀತು, ಇನ್ನು ದೇವರಿಟ್ಟ ಹಾಗೆ" ಅಂತಾರೆ ಮನೆಯವರು. ನಾನು ಫಿಸಿಯೋಥೆರಪಿಸ್ಟ್. ಈ ಮಾತು ಕೇಳಿದರೆ ನನಗೆ ರೇಗುತ್ತದೆ, ಕ್ಷಮಿಸಿ. ಕೆಲಸ ಶುರುವಾಗುವುದೇ ಆಗ. ಮೊದಲ ಕೆಲಸ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಗೊತ್ತಾಗದ ಮೈ ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲಿ ರಕ್ತ ಹರಿಯುವುದಿಲ್ಲ. ಚರ್ಮ ಸತ್ತು ಹುಣ್ಣಾಗುತ್ತದೆ. "ವಾಟರ್ ಬೆಡ್ ತಂದಿದ್ದೇವಲ್ಲ ಸಾರ್?" ತಂದರೂ ಬದಲಿಸಲೇಬೇಕು.

ವೆಲ್ಲೂರಿನ ಸಿಎಂಸಿ ಗೊತ್ತಲ್ಲ, ನಮ್ಮವರೂ ರೈಲು ಹತ್ತಿ ಹೋಗುವ ಮಿಷನ್ ಆಸ್ಪತ್ರೆ? ಲಾಭಕ್ಕಾಗಿ ನಡೆಸುವುದಲ್ಲ. ಅಲ್ಲಿ ಮೇರಿ ವರ್ಗೀಸ್ ಅಂತ ಕೇರಳದ ಯುವ ಡಾಕ್ಟರ್ ಇದ್ದರು. 1954ರಲ್ಲಿ ಪಿಕ್ನಿಕ್‌ಗೆ ಹೋಗುವಾಗ ಗಾಡಿ ಮಗುಚಿತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಕುಷ್ಠರೋಗಿಗಳ ಕೈ ಸರಿಪಡಿಸುತ್ತಿದ್ದ ಸರ್ಜನ್ ಪಾಲ್ ಬ್ರ್ಯಾಂಡ್ ಅಲ್ಲೇ ಇದ್ದರು. ಕೈಯ ಆಪರೇಷನ್ ಕೂತೇ ಮಾಡಬಹುದು, ಮಾಡಿ ಅಂದರು. ಮೇರಿ ಮಾಡಿದರು! ಗಾಲಿಕುರ್ಚಿಯಲ್ಲಿ ಕೂತು ಬೇರೆಯವರ ಮಡಚಿಕೊಂಡ ಬೆರಳು ಬಿಡಿಸಿದರು. ರೋಗಿಗಳಿಗೆ ಹೇಗನಿಸಿರಬೇಕು ಯೋಚಿಸಿ. ತಮ್ಮಂತೆಯೇ ಊನವಾದವರು, ಕೈಯಲ್ಲಿ ಚಾಕು!

ಅಷ್ಟಕ್ಕೇ ನಿಲ್ಲಲಿಲ್ಲ. ನ್ಯೂಯಾರ್ಕಿಗೆ ಹೋಗಿ ಪುನಶ್ಚೇತನ ವೈದ್ಯಕೀಯವನ್ನೇ, ಅಂದರೆ ಊನವಾದವರನ್ನು ಮತ್ತೆ ಬದುಕಿಗೆ ಅಣಿಮಾಡುವ ವಿದ್ಯೆಯನ್ನೇ, ಕಲಿತು ಬಂದರು. 1966ರಲ್ಲಿ ವೆಲ್ಲೂರಿನ ಬಾಗಾಯಂನಲ್ಲಿ ಅದಕ್ಕೆಂದೇ ಒಂದು ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. ಅದಿರಲಿ, ನಾನು ಹೇಳಹೊರಟಿದ್ದು ಬೇರೆ. ಪೃಷ್ಠದ ಮೇಲೆ ಹುಣ್ಣಿದ್ದರೆ ಗಾಲಿಕುರ್ಚಿಯಲ್ಲಿ ಕೂರುವುದು ಹೇಗೆ? ಮಗ್ಗುಲು ಬದಲಿಸದಿದ್ದರೆ ಮುಂದಿನದು ಯಾವುದೂ ಇಲ್ಲ, ತಿಳೀತಾ?

ಅಯ್ಯೋ, ಸ್ಟುಡಿಯೋ ಗಾಜಿನಾಚೆಯಿಂದ ಸಮಯವಾಯಿತು ಅಂತ ಬೆರಳು ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಅಂಗಿ ಹಾಕಿಕೊಳ್ಳುವುದು, ತಟ್ಟೆಯಿಂದ ತಿನ್ನುವುದನ್ನು ಮತ್ತೆ ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಪಾರ್ಶ್ವವಾಯುವಿನಲ್ಲಿ ಮಾತು ಹೋದವರಿಗೆ ಸ್ಪೀಚ್ ಥೆರಪಿ ಇದೆ. ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಶಾಖ ಬೇಡವೇ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಬೆಂಗಳೂರಿನ ಲಿಂಗರಾಜಪುರದಲ್ಲಿ ಎಪಿಡಿ ಅಂತ ಸಂಸ್ಥೆ ಇದೆ, 1959ರಿಂದ ಅಂಗವಿಕಲರಿಗಾಗಿ ದುಡಿಯುತ್ತಿದೆ. ಅಲ್ಲೂ ವಿಚಾರಿಸಿ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ರೇಡಿಯೋ ಹಾಗೇ ಇರಲಿ, ಗಡಿಯಾರ ನೋಡಿ. ಕೊನೆಗೆ ಹೊರಳಿಸಿದ್ದು ಎಷ್ಟು ಗಂಟೆಗೆ? ಎದ್ದು ಹೋಗಿ. ನಮಸ್ಕಾರ.